ಮುಕ್ಕಾಲಿನಿಂದ ಭಾಗಿಸುವ ಲೆಕ್ಕಗಳು: ಉತ್ತರ ಯಾವುದರ ಎಣಿಕೆ?

ಭಿನ್ನರಾಶಿಗಳಿರುವ ಹೇಳಿಕೆ ರೂಪದ ಲೆಕ್ಕಗಳಲ್ಲಿ ಕೂಡುವುದು, ಗುಣಿಸುವುದು ಸರಿಯಾಗಿದ್ದರೂ ಉತ್ತರ ತಪ್ಪಾಗುವುದುಂಟು. ಯಾವುದನ್ನು ಯಾವುದರಿಂದ ಭಾಗಿಸಬೇಕು, ಬಂದ ಉತ್ತರ ಯಾವುದರ ಎಣಿಕೆ ಎಂಬುದನ್ನು ಮೊದಲೇ ಗುರುತಿಸದಿರುವುದೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ.

3/4 ಮತ್ತು 5 ಎಂಬ ಎರಡೇ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಮುಕ್ಕಾಲು ಕಿಲೋ ಬೆಲ್ಲವನ್ನು 5 ಮನೆಗಳಿಗೆ ಸಮವಾಗಿ ಹಂಚಿದರೆ ಒಂದು ಮನೆಗೆ ಎಷ್ಟು ಎಂದು ಕೇಳಿದಾಗ ಬೆಲ್ಲವೇ ಭಾಜ್ಯ; 3/4 ÷ 5 = 3/20 ಕಿಲೋ, ಅಂದರೆ 150 ಗ್ರಾಂ. ದೊಡ್ಡ ಸಂಖ್ಯೆಯನ್ನು ಚಿಕ್ಕ ಸಂಖ್ಯೆಯಿಂದಲೇ ಭಾಗಿಸಬೇಕೆಂಬ ಹಳೆಯ ಅಭ್ಯಾಸದಿಂದ ಇಲ್ಲಿ 5 ÷ 3/4 ಎಂದು ಬರೆದರೆ, ಇದ್ದ ಮುಕ್ಕಾಲು ಕಿಲೋ ಬೆಲ್ಲದಲ್ಲಿ ಒಂದೊಂದು ಮನೆಗೂ ಆರು ಕಿಲೋಗಿಂತ ಹೆಚ್ಚು ಸಿಕ್ಕಂತಾಗುತ್ತದೆ.

ಇನ್ನೊಂದು ಲೆಕ್ಕ: 5 ಲೀಟರ್ ಎಣ್ಣೆಯನ್ನು ಮುಕ್ಕಾಲು ಲೀಟರ್ ಹಿಡಿಯುವ ಬಾಟಲಿಗಳಿಗೆ ತುಂಬಿದರೆ ಎಷ್ಟು ಬಾಟಲಿ ತುಂಬುತ್ತವೆ? ಎಷ್ಟು ಉಳಿಯುತ್ತದೆ? ಇಲ್ಲಿ ಹಂಚಿಕೆಯಿಲ್ಲ, ಅಳತೆಯಿದೆ: ಐದರೊಳಗೆ ಮುಕ್ಕಾಲು ಎಷ್ಟು ಸಲ ಅಡಗಿದೆ ಎಂಬುದೇ ಪ್ರಶ್ನೆ. ದಾರಿಯನ್ನು ನಮ್ಮ ಭಾಷೆಯೇ ತೋರಿಸುತ್ತದೆ, ಏಕೆಂದರೆ ಮುಕ್ಕಾಲು ಎಂದರೆ ಮೂರು ಕಾಲು. 5 ಲೀಟರ್ ಎಂದರೆ 20 ಕಾಲು. ಒಂದು ಬಾಟಲಿಗೆ 3 ಕಾಲು. 20ನ್ನು 3ರಿಂದ ಭಾಗಿಸಿದರೆ 6 ಬಾಟಲಿ ತುಂಬಿ 2 ಕಾಲು, ಅಂದರೆ ಅರ್ಧ ಲೀಟರ್ ಉಳಿಯುತ್ತದೆ.

ಸೂತ್ರದಂತೆ ಮಾಡಿದರೆ 5 × 4/3 = 20/3, ಅಂದರೆ 6 2/3. ಈ 2/3ನ್ನು ನೋಡಿ ‘2/3 ಲೀಟರ್ ಉಳಿಯಿತು’ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ನಾನೂ ಹಾಗೆ ಬರೆದು, ಅರ್ಧ ಲೀಟರ್ ಎಂಬ ಉತ್ತರದೊಡನೆ ಅದೇಕೆ ಹೊಂದುತ್ತಿಲ್ಲವೆಂದು ಬಹಳ ಹೊತ್ತು ಯೋಚಿಸಿದ್ದೇನೆ. ಭಾಗಲಬ್ಧ ಎಣಿಸಿದ್ದು ಬಾಟಲಿಗಳನ್ನು, ಆದ್ದರಿಂದ 2/3 ಎಂಬುದೂ ಬಾಟಲಿಯ 2/3. ಲೀಟರಿಗೆ ತಿರುಗಿಸಲು 2/3 × 3/4 ಮಾಡಬೇಕು. ಆಗ 1/2 ಬರುತ್ತದೆ. ಎಣ್ಣೆಯಷ್ಟನ್ನೂ ತುಂಬಿಡಲು ಎಷ್ಟು ಬಾಟಲಿ ಬೇಕೆಂದು ಕೇಳಿದ್ದರೆ ಉತ್ತರ 7.

ಭಾಜಕವನ್ನು ತಿರುಗಿಸಿ ಗುಣಿಸುವುದೇಕೆ ಎಂಬುದೂ ಇಲ್ಲೇ ತಿಳಿಯುತ್ತದೆ. ಒಂದು ಲೀಟರಿನ 4 ಕಾಲುಗಳಲ್ಲಿ 3 ಕಾಲಿನ ಬಾಟಲಿ 4/3 ಸಲ ಅಡಗಿದೆ, ಹಾಗಾಗಿ 5 ಲೀಟರಿನಲ್ಲಿ ಅದರ ಐದರಷ್ಟು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಭಾಜಕದ ಛೇದವನ್ನು ಅಂಶವಾಗಿಸಿ ಗುಣಿಸುವ ಈ ಕ್ರಮವನ್ನು ಹೇಳಿದ್ದಾರೆ.

‘ಉಳಿದುದರಲ್ಲಿ’ ಎಂಬ ಪದ ಬರುವ ಲೆಕ್ಕಗಳನ್ನು ಇನ್ನೂ ನಿಧಾನವಾಗಿ ಓದಬೇಕು. 3 ಎಕರೆ ಜಮೀನಿನ 1/4 ಭಾಗದಲ್ಲಿ ತೆಂಗು, ಉಳಿದುದರ 1/3 ಭಾಗದಲ್ಲಿ ರಾಗಿ, ಮತ್ತೂ ಉಳಿದುದರ ಅರ್ಧದಲ್ಲಿ ಅವರೆ ಇದ್ದರೆ ಬರಿದಾಗಿರುವ ನೆಲ ಎಷ್ಟು? ಎಕರೆಗೆ 40 ಗುಂಟೆಯಂತೆ ಒಟ್ಟು 120 ಗುಂಟೆ. ತೆಂಗಿಗೆ 30 ಹೋಗಿ 90 ಉಳಿಯಿತು. ರಾಗಿಗೆ 90ರ ಮೂರನೇ ಒಂದು ಭಾಗ, ಅಂದರೆ 30. ಉಳಿದ 60ರಲ್ಲಿ ಅವರೆಗೆ 30, ಬರಿದಾದ ನೆಲ 30. ಮೂರು ಬೇರೆ ಬೇರೆ ಭಿನ್ನರಾಶಿಗಳಿದ್ದರೂ ನಾಲ್ಕೂ ಪಾಲು ಸಮನಾದವು, ಏಕೆಂದರೆ ಪ್ರತಿ ಸಲವೂ ‘ಪೂರ್ಣ’ ಎಂದು ಹಿಡಿಯುವ ನೆಲವೇ ಬದಲಾಗುತ್ತಿತ್ತು. ‘ಉಳಿದುದರ’ ಎಂಬ ಪದವನ್ನು ಬಿಟ್ಟು ಓದಿದವರು ರಾಗಿಗೆ 120ರ ಮೂರನೇ ಒಂದು ಭಾಗವೆಂದು 40 ಗುಂಟೆ, ಅವರೆಗೆ 60 ಗುಂಟೆ ಬರೆಯುತ್ತಾರೆ. 30, 40, 60 ಕೂಡಿದರೆ 130 ಗುಂಟೆಯಾಗಿ, ಇರುವ ಜಮೀನನ್ನೇ ಮೀರುತ್ತದೆ.