ಬಲಕ್ಕೆ ನೋಡಿಯೂ ಬೈಕ್ ಕಾಣದೇ ಹೋಗುವುದು ಹೇಗೆ?

ಪ್ರಶ್ನೆ: ಕೋಲಾರದಲ್ಲಿ ಟೊಮೆಟೊ ಲೋಡ್ ಇಳಿಸಿ ಹೆದ್ದಾರಿ ಹತ್ತುವಾಗ ಬೈಕಿಗೆ ಗುದ್ದಿದ ಟೆಂಪೋ ಚಾಲಕರು "ಬಲಕ್ಕೆ ನೋಡಿದೆ ಸಾರ್, ಯಾರೂ ಇರಲಿಲ್ಲ" ಅನ್ನುತ್ತಾರೆ. ಇದು ಜಾರಿಕೊಳ್ಳುವ ಮಾತಲ್ಲವೇ?

ಉತ್ತರ: ಎಷ್ಟೋ ಸಲ ಅವರು ಹೇಳುವುದು ನಿಜ. ಕಣ್ಣು ಬೈಕಿನ ಮೇಲೇ ಬಿದ್ದರೂ ಗಮನ ಬೇರೆಡೆ ಇದ್ದರೆ ಅದು ಅರಿವಿಗೆ ಬರುವುದಿಲ್ಲ. ಮನಶ್ಶಾಸ್ತ್ರಜ್ಞರು ಇದನ್ನು ಇನ್‌ಅಟೆನ್ಷನಲ್ ಬ್ಲೈಂಡ್‌ನೆಸ್ ಎನ್ನುತ್ತಾರೆ.

ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ಬಿಳಿ ಅಂಗಿಯವರ ಒಂದು ತಂಡ, ಕಪ್ಪು ಅಂಗಿಯವರ ಇನ್ನೊಂದು ತಂಡ ಚೆಂಡು ಪಾಸ್ ಮಾಡುತ್ತಿರುತ್ತವೆ. ಒಂದು ತಂಡದ ಪಾಸ್‌ಗಳನ್ನು ಎಣಿಸಬೇಕು. ನಡುವೆ ಗೊರಿಲ್ಲಾ ವೇಷದ ಮಹಿಳೆಯೊಬ್ಬಳು ಹಾದುಹೋಗುತ್ತಾಳೆ. ಸುಮಾರು ಅರ್ಧದಷ್ಟು ಜನಕ್ಕೆ ಅವಳು ಕಾಣಲೇ ಇಲ್ಲ. ನಮ್ಮ ಪ್ರಶ್ನೆಗೆ ಮುಖ್ಯವಾದ ವಿವರ ಮುಂದಿದೆ: ಕಪ್ಪು ಅಂಗಿಯವರನ್ನು ಎಣಿಸುತ್ತಿದ್ದವರಲ್ಲಿ ಹೆಚ್ಚು ಮಂದಿ ಆ ಕಪ್ಪು ಗೊರಿಲ್ಲಾವನ್ನು ಗುರುತಿಸಿದರು. ಅಂದರೆ, ನಾವು ಏನನ್ನು ಹುಡುಕುತ್ತಿದ್ದೇವೋ ಅದನ್ನು ಹೋಲುವುದು ಒಳಗೆ ಬರುತ್ತದೆ, ಉಳಿದದ್ದನ್ನು ಮಿದುಳು ಸೋಸಿಬಿಡುತ್ತದೆ. 2006ರಲ್ಲಿ ಡೇನಿಯಲ್ ಮೆಮರ್ಟ್ ಕಣ್ಣಿನ ಚಲನೆಯನ್ನೇ ಅಳೆದರು. ಗೊರಿಲ್ಲಾ ಕಾಣದವರ ಕಣ್ಣೂ ಸರಾಸರಿ ಒಂದು ಸೆಕೆಂಡಿನಷ್ಟು ಅದರ ಮೇಲಿತ್ತು.

ಹೆದ್ದಾರಿ ಹತ್ತುವ ಚಾಲಕ ಹುಡುಕುವುದು ಲಾರಿ, ಬಸ್ಸು, ಅವುಗಳ ನಡುವಿನ ಗ್ಯಾಪ್. ಆ ಗ್ಯಾಪಿನಲ್ಲೇ ಬೈಕ್ ಇದ್ದರೂ ಅವನ ಪಾಲಿಗೆ ಅದು ಖಾಲಿ ರಸ್ತೆ. ಆಸ್ಟ್ರೇಲಿಯಾದ ಕ್ರಿಸ್ಟನ್ ಪಾಮರ್ ತಂಡ 2018ರಲ್ಲಿ ರಸ್ತೆಯ ಚಿತ್ರಗಳಲ್ಲಿ ಅನಿರೀಕ್ಷಿತವಾಗಿ ಬೈಕ್ ಅಥವಾ ಟ್ಯಾಕ್ಸಿ ಸೇರಿಸಿ ತೋರಿಸಿದಾಗ, ಬೈಕ್ ಗಮನಿಸದವರು ಶೇ. 65, ಟ್ಯಾಕ್ಸಿ ಗಮನಿಸದವರು ಶೇ. 31.

ಹಾಗಾಗಿ "ಹುಷಾರಾಗಿ ನೋಡು" ಎಂದು ಬೈದರೆ ಸಾಲದು. ಏನನ್ನು ಹುಡುಕಬೇಕೆಂದು ಹೇಳಬೇಕು. ಗಾಡಿಯನ್ನು ಪೂರ್ತಿ ನಿಲ್ಲಿಸಿ. "ಬೈಕ್ ಎಲ್ಲಿದೆ?" ಎಂದು ಬಾಯಿಬಿಟ್ಟು ಕೇಳಿಕೊಂಡು ಬಲಕ್ಕೆ ನೋಡಿ. ಕತ್ತು ಸರ್ರನೆ ತಿರುಗಿಸಬೇಡಿ: ಕಣ್ಣು ಜಿಗಿಯುವ ಕ್ಷಣದಲ್ಲಿ ಮಿದುಳು ದೃಶ್ಯವನ್ನು ತಡೆಹಿಡಿಯುತ್ತದೆ, ನಿಂತ ಕಡೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ದೂರ, ನಡು, ಹತ್ತಿರ ಎಂದು ಮೂರು ಕಡೆ ದೃಷ್ಟಿ ನಿಲ್ಲಿಸಿ, ಇನ್ನೊಮ್ಮೆ ನೋಡಿ. ಫೋನ್ ಮಾತು ಅಷ್ಟೊತ್ತು ಬೇಡವೇ ಬೇಡ, ಇಯರ್‌ಫೋನ್ ಇದ್ದರೂ ಸರಿಯೇ. ಅಲ್ಲಿ ತೊಂದರೆ ಕೈಯದಲ್ಲ, ಗಮನದ್ದು.

ಒಂದು ಕಾರಣವನ್ನು ಮಾತ್ರ ಇದರೊಂದಿಗೆ ಬೆರೆಸಬಾರದು. ಮುಂದಿನ ಗಾಜಿನ ಬಲಬದಿಯ ಕಂಬ ಚಾಲಕನ ಕಣ್ಣಿಗೆ ಹತ್ತಿರವಿರುವುದರಿಂದ ಇಡೀ ಬೈಕನ್ನೇ ಮರೆಮಾಡಬಲ್ಲದು. ಎರಡೂ ಗಾಡಿ ಒಂದೇ ಲಯದಲ್ಲಿ ಬರುತ್ತಿದ್ದರೆ ಬೈಕ್ ಆ ಮರೆಯಲ್ಲೇ ಉಳಿಯುತ್ತದೆ. ಇದಕ್ಕೆ ಎದೆಯನ್ನು ಮುಂದಕ್ಕೂ ಹಿಂದಕ್ಕೂ ವಾಲಿಸಿ ನೋಡುವುದೇ ಮದ್ದು.

ಬೈಕ್ ಸವಾರರಿಗೂ ಒಂದು ಮಾತು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಹಗಲೂ ಉರಿಯುವ ಹೆಡ್‌ಲೈಟ್ ಕಡ್ಡಾಯವಾಗಿದೆ, ಅದರಿಂದ ಅನುಕೂಲವೂ ಇದೆ. ಆದರೆ ಚಾಲಕ ನಿಮ್ಮತ್ತ ಮುಖ ತಿರುಗಿಸಿದನೆಂದು ನೆಚ್ಚಿಕೊಳ್ಳಬೇಡಿ. ಅವನ ಗಾಡಿಯ ಮುಂಚಕ್ರ ನೋಡಿ. ಅದು ಉರುಳತೊಡಗಿದರೆ ಹಾರ್ನ್ ಒತ್ತಿ, ಬ್ರೇಕ್ ಹಿಡಿಯಿರಿ.