ಬ್ಯಾಗ್ ಮಾಡಿಸೋಕೆ ಚೀನಾದ ಫ್ಯಾಕ್ಟರಿಗೆ ನಾನೇ ಹೋಗಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಬ್ಯಾಗ್ ಅಂಗಡಿ ಇದೆ. ಈಗ ನನ್ನದೇ ಹೆಸರಿನ ಬ್ಯಾಕ್‌ಪ್ಯಾಕ್ ಮಾಡಿಸಬೇಕು ಅಂತ ಗುವಾಂಗ್‌ಝೌ ಕಡೆಯ ನಾಲ್ಕೈದು ಫ್ಯಾಕ್ಟರಿಗಳ ಜೊತೆ ಆನ್‌ಲೈನ್‌ನಲ್ಲಿ ಮಾತಾಡಿದ್ದೇನೆ. ಮೊದಲ ಆರ್ಡರ್ ಒಂದು ಸಾವಿರ ಬ್ಯಾಗ್. ಇಷ್ಟಕ್ಕೇ ಅಲ್ಲಿಯವರೆಗೆ ಹೋಗಬೇಕಾ? ಹೋದರೆ ಏನು ನೋಡಬೇಕು?

ಉತ್ತರ: ಹೋಗಿ. ಆದರೆ ಫ್ಯಾಕ್ಟರಿ ಹುಡುಕೋಕೆ ಅಂತ ಹೋಗಬೇಡಿ. ಹುಡುಕಾಟವನ್ನು ಹುಬ್ಬಳ್ಳಿಯಲ್ಲೇ ಕೂತು ಮುಗಿಸಿ, ಇಬ್ಬರು ಮೂವರಿಂದ ಸ್ಯಾಂಪಲ್ ತರಿಸಿಕೊಳ್ಳಿ. ಸ್ಯಾಂಪಲ್ ಕೈಗೆ ಬಂದಿರಬೇಕು, ಅಡ್ವಾನ್ಸ್ ಇನ್ನೂ ಹೋಗಿರಬಾರದು. ಹೋಗೋಕೆ ಸರಿಯಾದ ಸಮಯ ಅದು. ಅಲ್ಲಿ ಸಾಮಾನ್ಯವಾಗಿ ಶೇಕಡಾ 30 ಮುಂಗಡ, ಮಾಲು ಹಡಗಿಗೆ ಹೋಗುವ ಮೊದಲು ಉಳಿದ 70. ಆ 30 ಕೈಬಿಟ್ಟ ಮೇಲೆ ನಿಮ್ಮ ಮಾತಿಗೆ ಮೊದಲಿನ ತೂಕ ಇರೋದಿಲ್ಲ. ಆಮೇಲೆ ಫ್ಯಾಕ್ಟರಿ ನೋಡಿ ಬೇಡ ಅನ್ನಿಸಿದರೂ ಬಿಟ್ಟು ಬರೋದು ಕಷ್ಟ.

ಗುವಾಂಗ್‌ಝೌ ಅಂದರೆ ದೊಡ್ಡ ಊರು. ಬ್ಯಾಗಿನವರು ಹೆಚ್ಚಾಗಿ ಇರೋದು ಅದರ ಉತ್ತರದ ಹುವಾಡು ಜಿಲ್ಲೆಯ ಶಿಲಿಂಗ್‌ನಲ್ಲಿ, ಬೈಯುನ್ ವಿಮಾನ ನಿಲ್ದಾಣದ ಕಡೆ. ಬಟ್ಟೆ, ಜಿಪ್, ಬಕಲ್, ಅಸ್ತರು ಎಲ್ಲದರ ಮಾರುಕಟ್ಟೆ ಅಲ್ಲೇ ಇದೆ. ಫ್ಯಾಕ್ಟರಿಗೆ ಹೋಗುವ ಮೊದಲು ಅರ್ಧ ದಿನ ಈ ಮಾರುಕಟ್ಟೆಯಲ್ಲಿ ಓಡಾಡಿ. 600 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್ ಬಟ್ಟೆಯಲ್ಲೇ ಎಷ್ಟು ದರ್ಜೆ ಇವೆ, ಜಿಪ್ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಅನ್ನೋದು ಕಣ್ಣಿಗೆ ಕಂಡಿದ್ದರೆ, ಮರುದಿನ ಅವರು ಹೇಳುವ ರೇಟು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತದೆ. ದಿನಕ್ಕೆ ಎರಡು ಫ್ಯಾಕ್ಟರಿ ಸಾಕು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಕಣ್ಣು ಸೋತಿರುತ್ತದೆ.

ಚೀನೀ ಹೊಸವರ್ಷದ ಆಸುಪಾಸಿನಲ್ಲಿ, ಅಂದರೆ ಜನವರಿ ಕೊನೆ, ಫೆಬ್ರವರಿಯಲ್ಲಿ, ಹೋಗಬೇಡಿ. ಹೊಲಿಯುವವರೆಲ್ಲ ಊರಿಗೆ ಹೋಗಿರುತ್ತಾರೆ. ಅದಕ್ಕೂ ಮುಂಚಿನ ವಾರಗಳಲ್ಲಿ ಕೆಲಸವೆಲ್ಲ ಅವಸರದ್ದು. ಗುವಾಂಗ್‌ಝೌನಲ್ಲಿ 1957ರಿಂದ ನಡೆಯುತ್ತಿರುವ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್ ನೋಡುವ ಮನಸ್ಸಿದ್ದರೆ, ಬ್ಯಾಗುಗಳು ಬರೋದು ಅದರ ಮೂರನೇ ಹಂತದಲ್ಲಿ. ಈಚಿನ ವರ್ಷಗಳಲ್ಲಿ ಅದು ಮೇ 1ರಿಂದ 5, ಮತ್ತೆ ಅಕ್ಟೋಬರ್ 31ರಿಂದ ನವೆಂಬರ್ 4. ಹೋಟೆಲ್ ಮಾತ್ರ ಆಗ ದುಬಾರಿ. ಬಿಸಿನೆಸ್ ವೀಸಾಗೆ ಆಹ್ವಾನ ಪತ್ರ ಬೇಕು, ಅದನ್ನು ಫ್ಯಾಕ್ಟರಿಯವರಿಂದ ಮೊದಲೇ ತರಿಸಿಕೊಳ್ಳಿ.

ಈಗ ಮುಖ್ಯ ವಿಷಯ. ಆನ್‌ಲೈನ್‌ನಲ್ಲಿ ಫ್ಯಾಕ್ಟರಿ ಅಂತ ಹೇಳಿಕೊಳ್ಳುವ ಎಷ್ಟೋ ಜನ ಬರೀ ಟ್ರೇಡಿಂಗ್ ಮಾಡುವವರು, ಅಂದರೆ ಬೇರೆಯವರ ಹತ್ತಿರ ಮಾಡಿಸಿ ಮಾರುವವರು. ಅದೇನೂ ತಪ್ಪಲ್ಲ, ಸಣ್ಣ ಆರ್ಡರಿಗೆ ಕೆಲವೊಮ್ಮೆ ಅವರೇ ಅನುಕೂಲ. ಆದರೆ ಯಾರ ಜೊತೆ ವ್ಯವಹಾರ ಮಾಡುತ್ತಿದ್ದೀರಿ ಅನ್ನೋದು ನಿಮಗೆ ಗೊತ್ತಿರಬೇಕು. ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಹೋದಾಗ ಒಬ್ಬರು ಕಾರಿನಲ್ಲಿ ಕರೆದೊಯ್ದು, ಚೊಕ್ಕವಾದ ಎರಡು ಮಹಡಿಯ ಹೊಲಿಗೆ ಲೈನ್ ತೋರಿಸಿದರು. ಒಳಗೆ ಒಬ್ಬ ಕೆಲಸಗಾರನೂ ಅವರಿಗೆ ತಲೆಯಾಡಿಸಲಿಲ್ಲ, ಒಂದು ಬಾಗಿಲು ಎಲ್ಲಿಗೆ ಹೋಗುತ್ತದೆ ಅಂತ ಅವರೇ ಬೇರೆಯವರನ್ನು ಕೇಳಿದರು. ಅದು ಕಣ್ಣಿಗೆ ಬಿದ್ದರೂ ನಾನು ಅರ್ಥ ಮಾಡಿಕೊಳ್ಳಲಿಲ್ಲ. ನನ್ನ ಬ್ಯಾಗುಗಳನ್ನು ಹೊಲಿದಿದ್ದು ಬೇರೆಲ್ಲೋ. ನೂರಾರು ಬ್ಯಾಗುಗಳ ಪಟ್ಟಿ ಎರಡೇ ತಿಂಗಳಲ್ಲಿ ಕಿತ್ತು ವಾಪಸ್ ಬಂದವು.

ಹಾಗಾಗಿ ಒಳಗೆ ಹೋದ ಕೂಡಲೇ ಗೋಡೆಯ ಮೇಲಿನ ವ್ಯಾಪಾರ ಪರವಾನಗಿ ಎಲ್ಲಿದೆ ನೋಡಿ. ಚೀನಾದಲ್ಲಿ ಅದನ್ನು ವ್ಯವಹಾರದ ಜಾಗದಲ್ಲಿ ಕಾಣುವಂತೆ ಹಾಕಿರಬೇಕು. ಫೋಟೋ ತೆಗೆದುಕೊಳ್ಳಿ. ಅದರಲ್ಲಿ 18 ಅಂಕಿ-ಅಕ್ಷರಗಳ ಒಂದು ನೋಂದಣಿ ಸಂಖ್ಯೆ, ಕಂಪನಿಯ ಚೀನೀ ಹೆಸರು, ವಿಳಾಸ, ಯಾವ ಯಾವ ವ್ಯವಹಾರಕ್ಕೆ ಅನುಮತಿ ಅನ್ನೋದು ಇರುತ್ತದೆ. ತಯಾರಿಕೆ ಅಂತ ಇದೆಯೋ, ಬರೀ ಮಾರಾಟ ಅಂತ ಇದೆಯೋ ನಿಮ್ಮ ದುಭಾಷಿಯಿಂದ ಓದಿಸಿ. ದುಭಾಷಿಯನ್ನು ನೀವೇ ದುಡ್ಡು ಕೊಟ್ಟು ಕರೆದುಕೊಂಡು ಹೋಗಿ, ಫ್ಯಾಕ್ಟರಿಯವರು ಕೊಡುವವರು ಬೇಡ. ಮುಂದೆ ದುಡ್ಡು ಹಾಕುವ ಬ್ಯಾಂಕ್ ಖಾತೆಯೂ ಅದೇ ಕಂಪನಿಯ ಹೆಸರಿನಲ್ಲೇ ಇರಬೇಕು. ಮಾಲೀಕರ ಸ್ವಂತ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಶೋರೂಮಿನಲ್ಲಿ ಚಹಾ ಕುಡಿಯುತ್ತಾ ಹೊತ್ತು ಕಳೆಯಬೇಡಿ. ಹೊಲಿಗೆ ಲೈನಿಗೆ ಹೋಗಿ, ಬೇರೆ ಯಾರದ್ದೋ ಆರ್ಡರು ಅರ್ಧಕ್ಕೆ ಬಂದಿರುವ ಜಾಗದಲ್ಲಿ ನಿಂತುಕೊಳ್ಳಿ. ಬ್ಯಾಕ್‌ಪ್ಯಾಕಿನ ಜೀವ ಇರೋದು ಹೆಗಲ ಪಟ್ಟಿ ಬೆನ್ನಿಗೆ ಸೇರುವ ಎರಡು ಇಂಚಿನಲ್ಲಿ. ಒಂದು ಬ್ಯಾಗ್ ತೆಗೆದುಕೊಂಡು ಒಳಗನ್ನು ಹೊರಗೆ ಮಾಡಿ. ಪಟ್ಟಿಯ ತುದಿ ಹೊಲಿಗೆಯಿಂದ ಒಳಕ್ಕೆ ಎಷ್ಟು ಹೋಗಿದೆ? ಅಂಚಿನಲ್ಲೇ ಮುಗಿದಿದ್ದರೆ ಅದು ಕಿತ್ತು ಬರುವ ಬ್ಯಾಗ್. ಅದರ ಮೇಲೆ ಬಾರ್‌ಟ್ಯಾಕ್ ಇದೆಯೇ? ಜೀನ್ಸ್ ಪ್ಯಾಂಟಿನಲ್ಲಿ ಬೆಲ್ಟ್ ಹಾಕುವ ಲೂಪಿನ ತುದಿಗೆ ಒತ್ತೊತ್ತಾಗಿ ಹಾಕಿರುತ್ತಾರಲ್ಲ, ಅದೇ ಹೊಲಿಗೆ. ಇದಕ್ಕೆ ಬೇರೆ ಮೆಷಿನ್ ಬೇಕು, ಅದು ಆ ಫ್ಲೋರಿನಲ್ಲಿ ಇದೆಯಾ ಕೇಳಿ ನೋಡಿ.

ಇನ್ನೊಂದು ಕೇಳಿ: ರಿಜೆಕ್ಟ್ ಆದ ಮಾಲು ಎಲ್ಲಿದೆ? ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಪ್ರಶ್ನೆ ಇಲ್ಲ. ಒಳ್ಳೆಯ ಫ್ಯಾಕ್ಟರಿಯಲ್ಲಿ ಬೇರೆ ಬಣ್ಣದ ಬುಟ್ಟಿ ಇರುತ್ತದೆ, ಒಳಗಿನ ಒಂದೊಂದು ಬ್ಯಾಗಿಗೂ ಎಲ್ಲಿ ತಪ್ಪಾಗಿದೆ ಅಂತ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ನಮ್ಮಲ್ಲಿ ರಿಜೆಕ್ಟೇ ಇಲ್ಲ ಅಂದವರಲ್ಲಿ ಕೆಟ್ಟ ಮಾಲೂ ಒಳ್ಳೆಯ ಮಾಲಿನ ಡಬ್ಬದಲ್ಲೇ ಇರುತ್ತದೆ. ಕೆಲಸ ಜಾಸ್ತಿ ಆದಾಗ ಹೊರಗೆ ಕೊಡ್ತೀರಾ ಅನ್ನೋದನ್ನೂ ಕೇಳಿ. ಕೊಡೋದಿಲ್ಲ ಅಂದರೆ ಅದನ್ನು ಒಪ್ಪಂದದಲ್ಲಿ ಬರೆಸಿ, ಕಂಪನಿಯ ಕೆಂಪು ಮುದ್ರೆ ಹಾಕಿಸಿ. ಅಲ್ಲಿ ಸಹಿಗಿಂತ ಆ ಮುದ್ರೆಗೇ ಬೆಲೆ.

ಮಾಲು ತಯಾರಾದ ಮೇಲೆ ಮತ್ತೆ ಹೋಗಬೇಕಿಲ್ಲ. ಬೇರೆ ಸಂಸ್ಥೆಯ ಇನ್‌ಸ್ಪೆಕ್ಟರ್ ಒಬ್ಬರನ್ನು ಒಂದು ದಿನಕ್ಕೆ ಕಳಿಸಬಹುದು. ಸಾವಿರ ಬ್ಯಾಗಿನ ಲಾಟಿಗೆ ಎಕ್ಯೂಎಲ್ (ಎಷ್ಟು ದೋಷದವರೆಗೆ ಒಪ್ಪಬಹುದು ಅನ್ನುವ ಮಿತಿ) ಕೋಷ್ಟಕದ ಸಾಮಾನ್ಯ ಮಟ್ಟದಲ್ಲಿ 80 ಬ್ಯಾಗ್ ತೆಗೆದು ನೋಡುತ್ತಾರೆ. ದೊಡ್ಡ ದೋಷಕ್ಕೆ ಆ ಮಿತಿ 2.5 ಅಂತ ಒಪ್ಪಿದ್ದರೆ 80ರಲ್ಲಿ ಐದರವರೆಗೆ ಪಾಸ್, ಆರು ಸಿಕ್ಕರೆ ಇಡೀ ಲಾಟು ಫೇಲ್. ಆ ವರದಿ ಬಂದ ಮೇಲೆಯೇ ಉಳಿದ 70. ನಿಮ್ಮ ಆರ್ಡರು ಇನ್ನೂರು ಬ್ಯಾಗಿನದ್ದು, ಅವರದ್ದೇ ಸಿದ್ಧ ಡಿಸೈನಿನದ್ದು ಆಗಿದ್ದರೆ, ನೀವು ಹೋಗೋದೇ ಬೇಡ, ಈ ಇನ್‌ಸ್ಪೆಕ್ಟರ್ ಒಬ್ಬರೇ ಸಾಕು ಅನ್ನುತ್ತಿದ್ದೆ.

ಇಲ್ಲಿಯ ಕಡೆ: ಆಮದು ರಫ್ತು ಕೋಡ್ ಮೊದಲೇ ಮಾಡಿಸಿ. ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರುವ ಲೇಬಲ್ ವಿಷಯವನ್ನು ಕಸ್ಟಮ್ಸ್ ಬ್ರೋಕರ್ ಹತ್ತಿರ ಖಚಿತ ಮಾಡಿಕೊಂಡು ಫ್ಯಾಕ್ಟರಿಗೇ ಕಳಿಸಿ. ನಾಳೆ ಆಟಿಕೆಯನ್ನೂ ತರೋಣ ಅನ್ನಿಸಿದರೆ ನಿಲ್ಲಿ. 2021ರ ಜನವರಿಯಿಂದ ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ, ಮತ್ತು ಆ ಲೈಸೆನ್ಸ್ ಇರಬೇಕಾದ್ದು ಅಲ್ಲಿಯ ಫ್ಯಾಕ್ಟರಿಗೆ.

ಹೊರಡುವ ದಿನ, ಒಪ್ಪಿದ ಸ್ಯಾಂಪಲ್ ಎರಡು ಮಾಡಿಸಿ. ಎರಡರ ಅಸ್ತರಿನ ಮೇಲೂ ಅಳಿಸದ ಪೆನ್ನಿನಲ್ಲಿ ನೀವು, ಮಾಲೀಕರು ಇಬ್ಬರೂ ಸಹಿ ಹಾಕಿ, ತಾರೀಖು ಬರೆಯಿರಿ. ಒಂದು ಅವರ ಲೈನಿನ ಪಕ್ಕದಲ್ಲಿ ನೇತಾಡಲಿ, ಇನ್ನೊಂದನ್ನು ನೀವೇ ಹೆಗಲಿಗೆ ಹಾಕಿಕೊಂಡು ಬನ್ನಿ.