ಹೊರಗೆ ಅದೇ ಜಾಗ್ವಾರ್, ಒಳಗೆ ಬೇರೆಯೇ ಕಾರು

1968ರ ಜಾಗ್ವಾರ್ ಎಕ್ಸ್‌ಜೆ6 ಕಾರಿನ ಹಿಂದಿನ ಚಕ್ರದೊಳಗೆ ಇಣುಕಿದರೆ ಬ್ರೇಕ್ ಡಿಸ್ಕ್ ಕಾಣುವುದಿಲ್ಲ. ಅದು ಕಾರಿನ ನಡುವೆ, ಎಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗೆ ಅಂಟಿಕೊಂಡಂತೆ ಇದೆ. ಆ ಕಾರು ಯಾಕೆ ಅಷ್ಟು ಮೆತ್ತಗೆ ಓಡುತ್ತಿತ್ತು ಅನ್ನುವುದಕ್ಕೆ ಒಂದು ಕಾರಣ ಅಲ್ಲೇ ಇದೆ.

ಚಕ್ರ ಗುಂಡಿಗೆ ಇಳಿದು ಎಗರಿದಾಗ ಅದನ್ನು ಹಿಡಿದು ಮತ್ತೆ ರಸ್ತೆಗೆ ಒತ್ತುವುದು ಸ್ಪ್ರಿಂಗಿನ ಕೆಲಸ. ಚಕ್ರದ ಜೊತೆ ಬ್ರೇಕಿನ ಭಾರವೂ ಕುಣಿದರೆ ಏಟು ಜೋರಾಗಿ ಸೀಟಿನವರೆಗೂ ಬರುತ್ತದೆ. ಬ್ರೇಕನ್ನು ಒಳಗೆ ಕೂರಿಸಿದರೆ ಕುಣಿಯುವ ಭಾರ ಇಳಿಯುತ್ತದೆ. ಜೊತೆಗೆ ಹಿಂಭಾಗದ ಸಸ್ಪೆನ್ಷನ್, ಅಂದರೆ ಚಕ್ರವನ್ನು ಹಿಡಿದಿಡುವ ಸ್ಪ್ರಿಂಗು, ತೋಳುಗಳ ಜೋಡಣೆ, ಪೂರ್ತಿ ಒಂದು ಉಕ್ಕಿನ ಚೌಕಟ್ಟಿನಲ್ಲಿತ್ತು. ಚೌಕಟ್ಟು ಮತ್ತು ಬಾಡಿಯ ನಡುವೆ ರಬ್ಬರ್ ಇತ್ತು. ರಸ್ತೆಯ ಗುಂಯ್‌ಗುಡುವಿಕೆ ಹೆಚ್ಚಾಗಿ ಆ ರಬ್ಬರಿನಲ್ಲೇ ಅಡಗಿಹೋಗುತ್ತಿತ್ತು. ಮೆಕ್ಯಾನಿಕ್‌ಗಳಿಗೆ ಮಾತ್ರ ಇದು ತಲೆನೋವು: ಡಿಸ್ಕ್ ಬದಲಿಸಲು ಕಾರಿನ ಅಡಿಯಲ್ಲಿ ಗಂಟೆಗಟ್ಟಲೆ ಮಲಗಬೇಕು.

ಕಂಪನಿ ಕಟ್ಟಿದ ವಿಲಿಯಂ ಲಯನ್ಸ್ ಈ ಕಾರಿಗೆ ಕೊಟ್ಟ ರೂಪ ಎಷ್ಟು ಹಿಡಿಸಿತೆಂದರೆ, ಮುಂದೆ ಬಂದವರು ದಶಕಗಟ್ಟಲೆ ಅದನ್ನು ಕೆಡಿಸಲು ಹೆದರಿದರು. ಹಾಗಾಗಿ ಬದಲಾವಣೆಯೆಲ್ಲ ಒಳಗೇ ನಡೆಯಿತು.

1972ರಲ್ಲಿ 5.3 ಲೀಟರಿನ, 12 ಸಿಲಿಂಡರಿನ ಎಂಜಿನ್ ಬಂತು. ಮರುವರ್ಷವೇ ಜಗತ್ತಿಗೆ ತೈಲದ ಬರ. ಎಂಜಿನ್ನೋ, ಪೆಟ್ರೋಲ್ ಗಟಗಟ ಕುಡಿಯುವಂಥದ್ದು. ಪರಿಹಾರ ಸಿಕ್ಕಿದ್ದು ಸ್ವಿಸ್ ಎಂಜಿನಿಯರ್ ಮೈಕೆಲ್ ಮೇ ಅವರಿಂದ. ಅವರ ವಿನ್ಯಾಸದಲ್ಲಿ ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಬೆರೆತ ಗಾಳಿ ಕಿರಿದಾದ ದಾರಿಯಲ್ಲಿ ನುಗ್ಗಿ, ಎಕ್ಸಾಸ್ಟ್ ವಾಲ್ವಿನ (ಹೊಗೆ ಹೊರಬಿಡುವ ಕವಾಟದ) ಕೆಳಗಿನ ಪುಟ್ಟ ಕೋಣೆಯಲ್ಲಿ ಸುಳಿ ಸುತ್ತುತ್ತದೆ. ಸುಳಿಯಲ್ಲಿ ಬೆಂಕಿ ಬೇಗ ಹರಡುತ್ತದೆ. ಆದ್ದರಿಂದ ಪೆಟ್ರೋಲ್ ಕಡಿಮೆ ಬೆರೆಸಿದರೂ ಸರಿಯಾಗಿ ಉರಿಯುತ್ತದೆ, ಗಾಳಿಯನ್ನು ಇನ್ನೂ ಬಿಗಿಯಾಗಿ ಒತ್ತಬಹುದು. ಹಾಗೆ ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಬಲ ಸಿಗುತ್ತದೆ. 1981ರಲ್ಲಿ ಈ ಎಂಜಿನ್ ಯುರೋಪಿನ ಕಾರುಗಳಲ್ಲಿ ಗಾಳಿಯನ್ನು 12.5 ಪಟ್ಟು ಅದುಮುತ್ತಿತ್ತು. ಆ ಕಾಲದ ಪೆಟ್ರೋಲ್ ಎಂಜಿನ್‌ಗೆ ಇದು ದಂಗಾಗುವಂಥ ಲೆಕ್ಕ. ಸಿಲಿಂಡರಿನ ಮೇಲ್ಮುಚ್ಚಳದ, ಅಂದರೆ ಸಿಲಿಂಡರ್ ಹೆಡ್ಡಿನ, ಆಕಾರವೊಂದನ್ನು ತಿದ್ದಿ ಇಷ್ಟು ಸಾಧಿಸಿದ್ದು ನನಗೆ ಇಂದಿಗೂ ಅಚ್ಚರಿ.

ನಡುವೆ ಎಂಬತ್ತು, ತೊಂಬತ್ತರ ದಶಕದ ಮಾದರಿಗಳು ಬಂದು ಹೋದವು. ನಿಜವಾದ ಜಿಗಿತ ಕಂಡಿದ್ದು 2003ರಲ್ಲಿ. ಆಗ ಇಡೀ ಬಾಡಿ ಅಲ್ಯೂಮಿನಿಯಮ್ಮಿನದಾಯಿತು. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗದಷ್ಟು. ಆದರೆ ಅದು ಶಾಖವನ್ನು ಬೇಗ ಹರಡುತ್ತದೆ, ಮೈಮೇಲೆ ಗಟ್ಟಿ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಉಕ್ಕಿನಂತೆ ಸಲೀಸಾಗಿ ವೆಲ್ಡ್ ಮಾಡಲಾಗುವುದಿಲ್ಲ. ಎಂಜಿನಿಯರ್‌ಗಳು ವಿಮಾನ ಕಟ್ಟುವವರ ದಾರಿ ಹಿಡಿದರು: ತಗಡುಗಳನ್ನು ಬಿಗಿಯುವ 3,000ಕ್ಕೂ ಹೆಚ್ಚು ರಿವೆಟ್ ಮೊಳೆಗಳು, ಜೊತೆಗೆ ಬಲವಾದ ಅಂಟು. ಬಾಡಿ ಹಳೆಯದಕ್ಕಿಂತ ಹಗುರವಾಯಿತು, ಗಟ್ಟಿಯೂ ಆಯಿತು.

ಇಷ್ಟೆಲ್ಲ ಮಾಡಿಯೂ ಮೇಲೆ ಹೊದಿಸಿದ್ದು ಮಾತ್ರ 1968ರ ನೆನಪು ತರುವ ಅದೇ ರೂಪ. ನೋಡಿದ ಹಲವರು ಹಳೇ ಕಾರೇ ಅಲ್ವಾ ಅಂದರು. ರೂಪ ಪೂರ್ತಿ ಬದಲಾಗಿದ್ದು 2009ರಲ್ಲಿ. ಆ ಹೊತ್ತಿಗೆ ಕಂಪನಿ ಟಾಟಾದವರ ಕೈಗೆ ಬಂದಿತ್ತು. ಹತ್ತು ವರ್ಷದ ನಂತರ, 2019ರಲ್ಲಿ, ಎಕ್ಸ್‌ಜೆ6ರಿಂದ ಶುರುವಾದ ಎಕ್ಸ್‌ಜೆ ಸಾಲಿನ ತಯಾರಿಕೆ ನಿಂತಿತು.